ಎತ್ತಿ ಹತ್ತಿಸುವ ಪುಣ್ಯ

ಬಸ್ಸಿನ ಮೊದಲ ಮೆಟ್ಟಿಲನ್ನು ಅಷ್ಟು ಎತ್ತರಕ್ಕೆ ಇಟ್ಟವನಾರೋ ನನಗೆ ಇವತ್ತಿಗೂ ತಿಳಿದಿಲ್ಲ. ನಮ್ಮ ಬೀದರಿನ ಸುಲ್ತಾನರು ಏರುತ್ತಿದ್ದ ಆನೆ ಅದಕ್ಕಿಂತ ಎತ್ತರವಿತ್ತು, ನಿಜ. ಆದರೆ ಆನೆ ಮಂಡಿಯೂರಿ ಕೂಡುತ್ತಿತ್ತು. ಬಸ್ಸಿಗೆ ಆ ಸೌಜನ್ಯವಿಲ್ಲ. ಹಾಗಾಗಿ ನಮ್ಮೂರು ಔರಾದಿನಲ್ಲಿ ಒಂದು ಪದ್ಧತಿಯೇ ಬೆಳೆದಿತ್ತು: ಹತ್ತಲಾರದವರು ಕಂಡರೆ ಸಾಕು, ನಾಲ್ಕು ಮಂದಿ ಓಡಿಬಂದು ಅನಾಮತ್ತಾಗಿ ಎತ್ತಿ ಒಳಗೆ ಹಾಕುವುದು. ಆ ನಾಲ್ವರಲ್ಲಿ ಮೊದಲನೆಯವ ನಾನೇ. ಪುಣ್ಯ ಇಷ್ಟು ಸಸ್ತಾ ಸಿಗುವಾಗ ಬಿಡುವುದುಂಟೇ!

ನಾವು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಬಸ್ಸಿನ ಬೋರ್ಡುಗಳು ಉರ್ದುವಿನಿಂದ ಕನ್ನಡಕ್ಕೆ ತಿರುಗಿದ್ದವು. ಉರ್ದು ಸಾಲೆಯಲ್ಲಿ ಕಲಿತ ನನ್ನಂಥ ವಿದ್ವಾಂಸರೆಲ್ಲ ದಿನ ಬೆಳಗಾಗುವುದರೊಳಗೆ ನಿರಕ್ಷರಕುಕ್ಷಿಗಳಾಗಿದ್ದೆವು. ನಮ್ಮ ಮನೆಯಲ್ಲಿ ಕನ್ನಡ ಓದಬಲ್ಲವಳು ಮಾರ್ಥಾ ಅಕ್ಕ ಒಬ್ಬಳೇ. ಮಿಶನ್ನಿನವರ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿತವಳು. ಚಿಕ್ಕಂದಿನ ಜ್ವರದಿಂದ ಅವಳ ಬಲಗಾಲು ಸೊರಗಿತ್ತು, ಕೋಲೂರಿ ನಡೆಯುತ್ತಿದ್ದಳು. ಕನ್ನಡ ಕಲಿಸುವವರು ಬೇಕೆಂದು ಬೀದರಿನ ಸಾಲೆಯೊಂದರಿಂದ ಅವಳಿಗೆ ಕರೆ ಬಂತು. ಹೇಳಿದ ದಿನ ಮಧ್ಯಾಹ್ನದೊಳಗೆ ಹಾಜರಾಗದಿದ್ದರೆ ನೌಕರಿ ಇಲ್ಲ.

ಆ ದಿನ ಬೆಳಿಗ್ಗೆ ಬಸ್ಸು ಬಂತು. ಆ ಹೊತ್ತಿಗೆ ಬರುವುದು ಬೀದರ ಬಸ್ಸೇ ಎಂಬುದು ನಮ್ಮ ಧೈರ್ಯ. ನಾನು ಅಕ್ಕನ ಭುಜ ಹಿಡಿದೆ, ಉಳಿದವರು ಕಾಲು ಹಿಡಿದರು.

"ಏ ಬಿಡ್ರೋ! ಇದಲ್ಲೋ, ಇದು ಭಾಲ್ಕಿ ಬಸ್ಸ!" ಎಂದು ಅಕ್ಕ ಬೋರ್ಡು ಓದಿ ಕೂಗಿದಳು.

"ನಾಚ್ಕಿ ಯಾಕ್ರಿ ಬಾಯಾರ? ನಾವು ಹಿಡದೀವಲ್ರಿ," ಎಂದ ಕಾಲು ಹಿಡಿದಿದ್ದ ಪಾನಂಗಡಿಯವನು.

ಎಲ್ಲರಿಗೂ ಅದು ಸಂಕೋಚಕ್ಕೆ ಹೇಳಿದ ನೆಪವಾಗಿಯೇ ಕಂಡಿತು. ನನಗೂ. ಬಸ್ಸು ಹೊರಟಿತು. ಒಳ್ಳೆಯ ಕೆಲಸ ಮಾಡಿದ ಖುಷಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಇನ್ನೊಂದು ಬಸ್ಸು ಬಂದು ನಿಂತಿತು. ಅದರ ಕಂಡಕ್ಟರ್ "ಬೀದರ, ಬೀದರ!" ಎಂದು ಕೂಗಿದ. ಅಕ್ಕ ಕೂಗಿದ್ದು ನಾಚಿಕೆಗಲ್ಲ ಎಂದು ನನಗೆ ಆಗ ತಿಳಿಯಿತು.

ನಡುದಾರಿಯಲ್ಲಿ ಇಳಿದರೆ ಮತ್ತೆ ಹತ್ತುವುದು ಹೇಗೆ? ಪಾಪ, ಅಕ್ಕ ಭಾಲ್ಕಿಯವರೆಗೂ ಹೋಗಿ ಸಂಜೆ ಅದೇ ಬಸ್ಸಿನಲ್ಲಿ ತಿರುಗಿ ಬಂದಳು. ನೌಕರಿ ಬೇರೆಯವರ ಪಾಲಾಗಿತ್ತು. ಅವಳು ಅಳಲಿಲ್ಲ. ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, "ನನ್ನ ಕಾಲಿಗಿ ಏನಾಗ್ಯಾದ ಅಂತ ಎಲ್ಲಾರಿಗಿ ಗೊತ್ತದ. ನಿಮ್ಮ ಕಿವಿಗಿ ಏನಾಗ್ಯಾದೋ?" ಎಂದಳು. ಅವತ್ತಿನಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.

ಕೆಲವು ತಿಂಗಳಾದ ಮೇಲೆ ಮತ್ತೊಂದು ಕರೆ ಬಂತು. ಈ ಸಲ ಕೈ ಚಾಚುವ ಮೊದಲು, "ಅಕ್ಕಾ, ಹ್ಯಾಂಗ ಮಾಡೋಣು?" ಎಂದೆ. ಜನ್ಮದಲ್ಲಿ ಮೊದಲ ಬಾರಿ ಕೇಳಿದ್ದೆ. ಅವಳ ಉತ್ತರ ತಯಾರಾಗಿಯೇ ಇತ್ತು. ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲಿ ಬಂಡಿಗೆ ಜೋಳದ ಚೀಲ ಏರಿಸುವ ಕಲ್ಲಿನ ಕಟ್ಟೆಯಿತ್ತಲ್ಲ, ಅದರ ಇಳಿಜಾರಿನ ಮೇಲೆ ತಾನು ನಡೆದು ಹೋಗುತ್ತೇನೆ, ಬಸ್ಸು ಅದಕ್ಕೆ ತಾಗಿ ನಿಂತರಾಯಿತು ಎಂದಳು. ಚೀಲಕ್ಕೊಂದು ಕಟ್ಟೆ ಬೇಕೆಂದು ಊರಿಗೆ ತಿಳಿದಿತ್ತು, ಮನುಷ್ಯರಿಗೆ ಬೇಕೆಂದು ತಿಳಿದಿರಲಿಲ್ಲ.

ಡ್ರೈವರ್ ಗೊಣಗುತ್ತಲೇ ಬಸ್ಸನ್ನು ಹಿಂದಕ್ಕೆ ತಂದ. ಅಕ್ಕ ಬೋರ್ಡನ್ನು ಎರಡು ಸಲ ಓದಿ, ಕೋಲೂರಿ, ಮನೆಯ ಹೊಸ್ತಿಲು ದಾಟಿದಂತೆ ಒಳಗೆ ಹೋದಳು. ಅವಳ ಹಿಂದೆ ಒಬ್ಬ ಬಸುರಿ, ಅವಳ ಹಿಂದೆ ಡಾಬಕಾ ಹಳ್ಳಿಯ ಮುದುಕ, ತಲೆಯ ಮೇಲೆ ಬುಟ್ಟಿ ಹೊತ್ತವಳು, ಕೊನೆಗೆ ಗಟ್ಟಿಮುಟ್ಟಾದ ಪಾನಂಗಡಿಯವನೂ ಅಲ್ಲಿಂದಲೇ ಹತ್ತಿದರು.

"ಇಷ್ಟು ದಿನ ಯಾರೂ ಹೇಳಲೇ ಇಲ್ಲ ನೋಡ್ರಿ," ಎಂದ ಡ್ರೈವರ್.

ಕಿಟಕಿಯ ಹತ್ತಿರ ಕೂತಿದ್ದ ಅಕ್ಕ ಸೆರಗು ಸರಿಮಾಡಿಕೊಂಡು ಹೇಳಿದಳು: "ಹೇಳ್ತಿದ್ದೆವ್ರಿ. ನೀವೆಲ್ಲಾ ಎತ್ತೂದ್ರಾಗೇ ಇದ್ರಿ."