ಆನೆಗೆ ಬೆನ್ನು ಮಾಡಿ ನಿಂತವರು

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ನಮ್ಮ ಮನೆಯ ಬುತ್ತಿಬುಟ್ಟಿಯನ್ನು ಕಂಡವರು ಒಂದು ಮಾತು ಆಡದೆ ಮುಂದೆ ಹೋಗುವುದಿಲ್ಲ. ಒಳಗೆ ಸಜ್ಜೆರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾಹೋಳಿಗೆ, ಕಡುಬು ಎಲ್ಲವೂ ಮದುವೆಮನೆಯ ಬೀಗರಂತೆ ಠೀವಿಯಿಂದ ಕೂತಿರುತ್ತವೆ. ಮೇಲೆ ಹೊದಿಸಿದ್ದು ಮಾತ್ರ ಒಂದು ಮಾಸಲು ಟವೆಲ್ಲು. "ಅಕ್ಕೋರ, ಇಷ್ಟ ಛಲೋ ಅಡಗಿ ಮಾಡಿ ಮ್ಯಾಲೆ ಇದೇನ್ರಿ?" ಎಂದು ಕೇಳುವವರಿಗೆ ನಕ್ಕು ಸುಮ್ಮನಾಗುತ್ತೇನೆ. ನಿಮಗೆ ಹೇಳುತ್ತೇನೆ, ಕೂತುಕೊಳ್ಳಿ. ಆ ಬುಟ್ಟಿಗೆ ಮೊದಲು ನನ್ನ ಅವ್ವನ ಇಳಕಲ್ಲ ಸೀರೆಯ ಕೆಂಪು ಸೆರಗಿನ ತುಂಡೊಂದಿತ್ತು. ಅದನ್ನು ಕಳೆದುಕೊಂಡೆ. ಕಳೆದುಕೊಂಡು ಇಷ್ಟು ಸಂತೋಷಪಟ್ಟ ವಸ್ತು ನನ್ನ ಬಾಳಿನಲ್ಲಿ ಬೇರೊಂದಿಲ್ಲ.

ಕೊಪ್ಪಳ ತನ್ನದೇ ಜಿಲ್ಲೆಯಾಗಿ ನಾಲ್ಕಾರು ವರ್ಷ ಕಳೆದಿರಬೇಕು, ನಾನು ಹುಲಿಹೈದರದ ಸಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ಹೊಸಪೇಟೆಯ ಡ್ಯಾಮಿಗಿಂತ ದೊಡ್ಡ ನೀರನ್ನು ಕಣ್ಣಾರೆ ಕಾಣದ ನಾನು ಸಪ್ತಸಾಗರಗಳನ್ನೂ ಬೆತ್ತದ ತುದಿಯಲ್ಲಿ ದಾಟಿಸುತ್ತಿದ್ದ ಕಾಲ ಅದು. ತರಗತಿಯ ಗೋಡೆಗೆ ಪತ್ರಿಕೆಯೊಂದರಿಂದ ಕತ್ತರಿಸಿದ ಚಿತ್ರ ಅಂಟಿಸಿದ್ದೆ: ಆಫ್ರಿಕದ ಬಯಲು, ಮೊರದಗಲ ಕಿವಿಯ ಆನೆಗಳು, ಅವುಗಳಿಂದ ಅಷ್ಟು ದೂರದಲ್ಲಿ ಕೈಯಲ್ಲಿ ಕೋಲು ಹಿಡಿದ ನಾಲ್ಕು ಮಂದಿ. ದಂತಕ್ಕಾಗಿ ಆನೆ ಕೊಲ್ಲುವವರು ಹೆಚ್ಚಿದಾಗ ಅಲ್ಲಿಯ ದನಗಾಹಿಗಳೇ ಸರದಿಯ ಮೇಲೆ ಕಾವಲು ನಿಂತರೆಂದು ಅದರ ಕೆಳಗೆ ಬರೆದಿತ್ತು.

ಸಾಲೆಯ ನಳಕ್ಕೆ ನೀರಿಗೆ ಬರುತ್ತಿದ್ದ ಕುರಿಗಾಹಿ ದುರಗಪ್ಪ ಒಮ್ಮೆ ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತ.

"ಇವ್ರೂ ನಮ್ಮಂಗ ಕಾಯೋ ಮಂದಿ ಏನ್ರಿ ಅಕ್ಕೋರ?"

"ಹೂಂ. ದನಾ ಕಾಯ್ತಾರ. ಈಗ ಆನೀನೂ ಕಾಯ್ತಾರ."

"ಮತ್ತ ಆನಿ ಕಡೆ ಬೆನ್ನ ಮಾಡಿ ನಿಂತಾರಲ್ರಿ?"

ಫೋಟೋ ತೆಗೆಯುವವನು ಈ ಕಡೆ ನೋಡಿ ಎಂದಿರುತ್ತಾನೆ ಎಂದು ಠಕ್ಕನೆ ಉತ್ತರ ಕೊಟ್ಟೆ. ಟೀಚರಾದವಳಿಗೆ ಗೊತ್ತಿಲ್ಲ ಎನ್ನುವ ಮಾತು ನಾಲಿಗೆಗೆ ಬರುವುದು ಕಷ್ಟ. ದುರಗಪ್ಪ ತಲೆಯಾಡಿಸಿದ, ಒಪ್ಪಲಿಲ್ಲ.

ಆ ಚಳಿಗಾಲದಲ್ಲಿ ಊರಾಚೆಯ ಗುಡ್ಡದ ಕಲ್ಲುಸಂದಿಯಲ್ಲಿ ತೋಳವೊಂದು ಮರಿ ಹಾಕಿತು. ನಾಲ್ಕು ಮರಿ. ದುರಗಪ್ಪನ ಅಕ್ಕ ನಾಗವ್ವನ ಗಂಡ ಯಂಕಪ್ಪನ ಹಿಂಡಿನಿಂದ ಎರಡು ಕುರಿಮರಿಗಳು ಆಗಲೇ ಹೋಗಿದ್ದವು. ಸಂದಿಯ ಬಾಯಿಗೆ ಮೆಣಸಿನಕಾಯಿ ಸೇರಿಸಿದ ಹುಲ್ಲು ತುರುಕಿ ಬೆಂಕಿ ಹಚ್ಚುವುದು, ಒಳಗಿದ್ದವು ಹೊಗೆಗೆ ಸಾಯುವುದು, ಇದು ಹಿಂದಿನಿಂದ ಬಂದ ಉಪಾಯ. ಯಂಕಪ್ಪ ಅದರಲ್ಲಿ ಪಳಗಿದ ಕೈ. ಹುಲ್ಲಿನ ಹೊರೆ ಕಟ್ಟಿ ಹೊರಟವನನ್ನು ದುರಗಪ್ಪ ಊರ ಕಟ್ಟೆಯ ಹತ್ತಿರ ತಡೆದ. ಹೆಗಲ ಕಂಬಳಿ ತೆಗೆದು ನಾಲ್ಕು ಜನರ ಮುಂದೆ ಹಾಸಿದ.

"ಮಾವ, ಬಾಣಂತೀನ ಕೊಲ್ಲಬಾರ್ದು, ಮರಿ ತಮ್ಮ ಕಾಲ ಮ್ಯಾಲೆ ಓಡೂತನಕ ತಡಿ. ನಿನ್ನ ಕುರಿದಡ್ಡಿ ಕಾಯಾಕ ನನ್ನ ಎರಡೂ ನಾಯಿ ಬಿಡ್ತೇನಿ. ಒಲ್ಲೆ ಅಂದ್ರ ಈ ಕಂಬಳಿ ತುಳದು ಹೋಗು."

ಕುರಿ ಕಾಯುವವರಿಗೆ ಕಂಬಳಿಯೆಂದರೆ ದೇವರ ಗದ್ದುಗೆ. ತುಳಿಯುವವರು ಯಾರು? ಯಂಕಪ್ಪ ಗೊಣಗುತ್ತಲೇ ಬಗ್ಗಿ ಕಂಬಳಿ ಮುಟ್ಟಿ ಮಾತು ಕೊಟ್ಟ. ಇನ್ನು ಆ ಮರಿಗಳಿಗೇನಾದರೂ ಆದರೆ ಸಾಯುವುದು ತೋಳ ಮಾತ್ರವಲ್ಲ, ಅಕ್ಕ-ತಮ್ಮನ ಮನೆಗಳ ನಡುವಿನ ಹೋಗುಬರುವಿಕೆಯೂ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅಮಾವಾಸ್ಯೆಗೆ ವಾರವಿರುವಾಗ ದುರಗಪ್ಪ, ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಲು ಮರಳಿ ಎಂಬ ಊರಿನ ಕಡೆ ಹೊರಟ. ಹೋಗುವಾಗ ಕಾವಲನ್ನು ನನಗೆ ಒಪ್ಪಿಸಿದ. "ದಿನಾ ಒಮ್ಮೆ ಗುಡ್ಡದ ಕೆಳಗಿನ ಬೇವಿನ ಮರದ ತನಕ ಹೋಗಿ ನೋಡಿ ಬರ್ರಿ ಅಕ್ಕೋರ. ಮರಾ ದಾಟಬ್ಯಾಡ್ರಿ." ನನಗೆ ಆದ ಹಿಗ್ಗನ್ನು ಏನು ಹೇಳಲಿ! ಗೋಡೆಯ ಮೇಲಿನ ಆ ನಾಲ್ವರ ಪಕ್ಕದಲ್ಲಿ ಐದನೆಯವಳಾಗಿ ಕೋಲು ಹಿಡಿದು ನಿಂತಷ್ಟೇ ಬೀಗಿದೆ.

ಎಳ್ಳ ಅಮಾವಾಸ್ಯೆಯಂದು ನಮ್ಮಲ್ಲಿ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಬಯಕೆಯ ಊಟವೆಂದು ದಿಕ್ಕುದಿಕ್ಕಿಗೂ ಅಡಿಗೆ ಚೆಲ್ಲುತ್ತೇವೆ. ಅದಕ್ಕೆ ಚರಗ ಎನ್ನುತ್ತಾರೆ. ಅಂದು ಹೆಣ್ಣುಮಕ್ಕಳ ನಡುವೆ ನಿಂತು ನಾನೇ ಬಾಯಿ ಬಿಟ್ಟೆ: ಗುಡ್ಡದಲ್ಲೊಬ್ಬಳು ಬಾಣಂತಿ ಇದ್ದಾಳಲ್ಲ, ಅವಳಿಗೂ ಒಂದು ಪಾಲು ಹೋಗಬೇಡವೇ? ಮಾತು ಎಲ್ಲರಿಗೂ ರುಚಿಸಿತು. ಹೊಸ ಸೀರೆ ಉಟ್ಟ ಇಪ್ಪತ್ತು ಮಂದಿ, ಕೈತುಂಬ ಹಸಿರು ಬಳೆ, ಬಾಯಿತುಂಬ ಹಾಡು. ಬೇವಿನ ಮರ ಬಂತು. ದಾಟಬಾರದೆಂಬ ಮಾತು ಹೊಗೆ ಹಾಕುವವರಿಗೆ, ಹೋಳಿಗೆ ಒಯ್ಯುವವರಿಗಲ್ಲ ಎಂದು ನನಗೆ ನಾನೇ ಅರ್ಥ ಹೇಳಿಕೊಂಡು ದಾಟಿದೆ. ಸಂದಿಯ ಬಾಯಿಯ ಮುಂದೆ ಕಡುಬು ಚೆಲ್ಲಿ, ಸೋಬಾನೆ ಹಾಡಿ, ಬಗ್ಗಿ ಕತ್ತಲೊಳಗೆ ಇಣುಕಿ ಬಂದೆವು. ಆ ಗದ್ದಲದಲ್ಲಿ ಅವ್ವನ ಸೆರಗಿನ ತುಂಡು ಎಲ್ಲೋ ಬಿತ್ತು.

ಮೂರನೆಯ ದಿನ ಮರಳಿಯಿಂದ ಬಂದ ದುರಗಪ್ಪ ಗುಡ್ಡಕ್ಕೆ ಹೋದರೆ ಸಂದಿ ಖಾಲಿ. ಕಡುಬಿಗೆ ಇರುವೆ ಮುತ್ತಿದ್ದವು, ಮರಿಗಳಿಲ್ಲ. ಅವನು ನೆಟ್ಟಗೆ ಅಕ್ಕನ ಮನೆಯ ಅಂಗಳಕ್ಕೆ ಬಂದು ನಿಂತ. ಗದ್ದಲ ಕೇಳಿ ನಾನೂ ಓಡಿದೆ.

"ಮಾವ, ಕಂಬಳಿ ಮುಟ್ಟಿದ ಕೈ ಅಲ್ಲೇನೋ ಅದು?"

"ನಾ ಆ ಕಡಿ ಮುಖಾನೂ ಹಾಕಿಲ್ಲೋ ತಮ್ಮಾ! ನನ್ನ ಕುರಿ ಮ್ಯಾಲೆ ಆಣಿ!" ಯಂಕಪ್ಪನ ದನಿ ಒಡೆದಿತ್ತು.

ಯಾರೂ ನಂಬಲಿಲ್ಲ. ನಾಗವ್ವ ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ಅಳುತ್ತಿದ್ದಳು. ಗಂಡನ ಕಡೆ ನಿಲ್ಲಲಾರಳು, ತಮ್ಮನನ್ನು ಕರೆಯಲಾರಳು. "ಇನ್ನ ಈ ಮನಿ ನೀರು ಮುಟ್ಟಂಗಿಲ್ಲಬೇ ಯಕ್ಕಾ" ಎಂದು ದುರಗಪ್ಪ ತಿರುಗಿದ. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು, ನಿಜ. ಆದರೆ ನಾಗವ್ವನ ಮುಖ ನೋಡಿ ಸುಮ್ಮನಿರಲಾಗಲಿಲ್ಲ.

"ದುರಗಪ್ಪ, ನಾವು ಹೋಗಿದ್ವಿ. ಚರಗ ಚೆಲ್ಲಾಕ."

ಅವನು ನಿಂತ. "ಎಷ್ಟು ಮಂದಿ?"

"ಇಪ್ಪತ್ತು."

"ಹಾಡಿದ್ರೇನ್ರಿ?"

"...ಹಾಡಿದ್ವಿ."

ದುರಗಪ್ಪ ಹಣೆ ಬಡಿದುಕೊಂಡು ಅಲ್ಲೇ ಕುಕ್ಕರಿಸಿದ. "ಅಯ್ಯ ಅಕ್ಕೋರ! ಹಸಿ ಬಾಣಂತಿ ಕ್ವಾಣಿಯೊಳಗ ಇಪ್ಪತ್ತು ಮಂದಿ ನುಗ್ಗಿ ಸೋಬಾನಿ ಹಾಡಿದ್ರ ಆಕಿ ನಿಲ್ತಾಳೇನ್ರಿ? ಕೂಸು ಕಚ್ಚಿಗೊಂಡು ಎಲ್ಲಿ ಹೋಗ್ಯಾಳೋ!" ಅವನಿಗೆ ಸಿಟ್ಟೋ ನಗುವೋ ತಿಳಿಯಲಿಲ್ಲ. ನನಗಂತೂ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಆಗ ಎದ್ದವನು ಯಂಕಪ್ಪ. ಕೋಲು ತಗೊಂಡು ಗುಡ್ಡದ ಕಡೆ ನಡೆದ. ತೋಳದ ಹೆಜ್ಜೆ ಓದುವುದರಲ್ಲಿ ಅವನಷ್ಟು ಬಲ್ಲವರು ಸುತ್ತಲ ಹಳ್ಳಿಗಳಲ್ಲಿ ಇರಲಿಲ್ಲ. ಆ ವಿದ್ಯೆಯನ್ನು ಅವನು ಯಾತಕ್ಕಾಗಿ ಕಲಿತಿದ್ದನೆಂಬುದು ಬೇರೆ ಮಾತು. ಹೊತ್ತು ಇಳಿಯುವ ಮುಂಚೆ ಬಂದವನ ಮುಖದ ತುಂಬ ಬೆವರು, ಬಾಯಿ ತುಂಬ ನಗು. "ನಾಕೂ ಅದಾವೋ! ಹಿಂದಿನ ಹಳ್ಳದಾಗ ಅದಾವ! ಬರ್ರಿ, ದೂರದಿಂದ ತೋರಸ್ತೀನಿ."

ಹಳ್ಳದ ಈಚೆ ದಂಡೆಯ ಜಾಲಿಗಿಡದ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತೆವು. ಆಚೆ ದಂಡೆಯ ಇಳಿಬಿಸಿಲಲ್ಲಿ ನಾಲ್ಕು ಮರಿಗಳು ಒಂದು ಕೆಂಪು ಅರಿವೆಯನ್ನು ಆ ಕಡೆ ಎರಡು, ಈ ಕಡೆ ಎರಡು ಹಿಡಿದು ಜಗ್ಗಾಡುತ್ತಿದ್ದವು. ನನ್ನ ಅವ್ವನ ಸೆರಗು! ಕಣ್ಣಲ್ಲಿ ನೀರು ಬಂತು. ಬಾಯಿಗೆ ಬಂದ ಕೂಗನ್ನು ನುಂಗಿಕೊಂಡೆ, ಅಷ್ಟರಮಟ್ಟಿಗಾದರೂ ಬುದ್ಧಿ ಬಂದಿತ್ತು. ದುರಗಪ್ಪ ಕಂಬಳಿಯ ಒಂದು ತುದಿಯನ್ನು ಮಾವನ ಹೆಗಲಿಗೂ ಹೊದಿಸಿದ. "ನಡಿ ಮಾವ, ಯಕ್ಕನ ಕೈಯಾಗ ನೀರು ಕುಡಿಯೂಣು" ಎಂದ. ಆಗ ಯಂಕಪ್ಪ ಅತ್ತದ್ದನ್ನು ನಾವಿಬ್ಬರೂ ನೋಡದಂತೆ ನಟಿಸಿದೆವು.

ಮರುದಿನ ಸಾಲೆಗೆ ಹೋದವಳು ಮೊದಲು ಆ ಚಿತ್ರದ ಮುಂದೆ ನಿಂತೆ. ವರ್ಷಗಟ್ಟಲೆ ಪಾಠ ಹೇಳಿದ ಚಿತ್ರ. ಅಂದೇ ಮೊದಲು ನೋಡಿದಂತಾಯಿತು. ಆ ನಾಲ್ವರೂ ಆನೆಯಿಂದ ದೂರ ನಿಂತಿದ್ದರು. ಅವರ ಕಣ್ಣು ಆನೆಯ ಮೇಲಲ್ಲ, ಆಪತ್ತು ಬರಬಹುದಾದ ಹಾದಿಯ ಮೇಲಿತ್ತು. ನಾನು ಕಾವಲೆಂದು ಹೋಗಿ ಕಾಯಬೇಕಾದ್ದನ್ನೇ ಕಣ್ತುಂಬ ನೋಡುವ ಆಸೆಯಲ್ಲಿ, ಹಾದಿಯಲ್ಲಿ ಬಂದ ಆಪತ್ತು ನಾನೇ ಎಂಬುದನ್ನು ಕಾಣದೆ ಹೋದೆ. ಪ್ರೀತಿ ಅಂದರೆ ಹತ್ತಿರ ಹೋಗುವುದು ಎಂದಷ್ಟೇ ನಮಗೆ ಯಾರೋ ಕಲಿಸಿಬಿಟ್ಟಿದ್ದಾರೆ, ಗೆಳೆಯರೇ; ಹೆತ್ತವರಿಗೂ ಟೀಚರಿಗೂ ಆ ಅರ್ಧ ಪಾಠವಷ್ಟೇ ಬರುತ್ತದೆ.

ನಾನೀಗ ನಿವೃತ್ತಳಾಗಿ ಗಂಗಾವತಿಯಲ್ಲಿದ್ದೇನೆ. ಆದರೂ ಎಳ್ಳ ಅಮಾವಾಸ್ಯೆಗೆ ಬುಟ್ಟಿ ಹೊತ್ತು ಬಸ್ಸು ಹತ್ತುತ್ತೇನೆ. ಹುಲಿಹೈದರದ ಹೆಣ್ಣುಮಕ್ಕಳು ಗುಡ್ಡದ ಪಾಲಿನ ಚರಗವನ್ನು ಬೇವಿನ ಮರದ ಬುಡದಲ್ಲೇ, ಬಳೆ ಸದ್ದಾಗದಂತೆ ಮೊಣಕೈಗೆ ಏರಿಸಿಕೊಂಡು, ಮೌನವಾಗಿ ಚೆಲ್ಲುತ್ತಾರೆ. ಅಲ್ಲಿ ಕೋಲು ಊರಿ ನಿಂತ ಮುದುಕ ಯಂಕಪ್ಪ ಯಾರನ್ನೂ ಒಂದು ಹೆಜ್ಜೆ ಮುಂದೆ ಬಿಡುವುದಿಲ್ಲ, ನನ್ನನ್ನಂತೂ ಬಿಡುವುದೇ ಇಲ್ಲ. ಹೋದ ಸಲ ಟವೆಲ್ಲು ಸರಿಸಿ ಅವನಿಗೊಂದು ಹೋಳಿಗೆ ಕೊಟ್ಟು, "ಮರಿ ಅದಾವೇನೋ ಈ ವರ್ಷ?" ಎಂದು ಕೇಳಿದೆ. ತಿರುಗಿ ನೋಡದೆ, ಗುಡ್ಡಕ್ಕೆ ಬೆನ್ನು ಮಾಡಿಯೇ ನಿಂತು ಹೇಳಿದ:

"ಅದಾವ್ರಿ ಅಕ್ಕೋರ. ನೀವು ಇಲ್ಲೇ ಇರ್ರಿ."