ಫರ್ನೇಸಿನಲ್ಲಿ ಕಾದ ಬಿಳಿಕಲ್ಲು

ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಅತ್ತಾವರದ ನಮ್ಮ ಪ್ರಯೋಗಾಲಯದಲ್ಲಿ ಇದ್ದದ್ದು ಇಬ್ಬರೇ: ನಾನು, ಮತ್ತು ಗಾಜಿನ ಪಾತ್ರೆ ತೊಳೆಯುವ ಅಕ್ಕ. ಉಳಿದವರೆಲ್ಲ ರಜೆ ಹಾಕಿ, ಆ ದಿನ ಮಾತ್ರ ಔಷಧಿಗುಣ ತುಂಬಿರುತ್ತದೆಂದು ನಂಬುವ ಹಾಲೆ ಮರದ ಕಷಾಯ ಕುಡಿಯಲು ಮನೆಗಳಿಗೆ ಹೋಗಿದ್ದರು. ಅಮ್ಮ ತೀರಿಹೋದ ಮೇಲೆ ನನ್ನನ್ನು ಬಾ ಎನ್ನುವವರು ಇರಲಿಲ್ಲ. ಫಳ್ನೀರಿನ ಬಾಡಿಗೆ ಕೋಣೆಯಲ್ಲಿ ಹಬ್ಬವೂ ಒಂದೇ, ಭಾನುವಾರವೂ ಒಂದೇ.

ಬೆಳಕು ಹರಿಯುವ ಮೊದಲೇ ಪರಿಚಯದವರ ಹಿತ್ತಿಲಿಗೆ ಹೋಗಿ ಹಾಲೆಯ ತೊಗಟೆ, ಅಂದರೆ ಕೆತ್ತೆ ತಂದಿದ್ದೆ. ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿಯೇ ತೆಗೆಯಬೇಕೆಂದು ಅಜ್ಜ ಹೇಳಿಕೊಟ್ಟದ್ದು, ಹಾಗೆಯೇ ತೆಗೆದೆ. ತಂದದ್ದು ಮಾತ್ರ ಕುಡಿಯಲಿಕ್ಕಲ್ಲ. ಆ ಕೆತ್ತೆ ಕುದಿಸಿದ ನೀರಿಗೆ ಸತುವಿನ ಲವಣ ಬೆರೆಸಿ, ಬತ್ತಿಸಿ, ಫರ್ನೇಸಿನಲ್ಲಿ ಸುಟ್ಟರೆ ಕಂದು ಬಣ್ಣವೆಲ್ಲ ಹೋಗಿ ಸತುವಿನ ಆಕ್ಸೈಡಿನ ಬಿಳಿ ಪುಡಿ ಉಳಿಯುತ್ತದೆ. ಒಂದೊಂದು ಕಣವೂ ಕಣ್ಣಿಗೆ ಕಾಣದಷ್ಟು ಸಣ್ಣದು. ಈ ದಿನದ ಕೆತ್ತೆಯಿಂದ ಬರುವ ಪುಡಿ ಬೇರೆ ದಿನದ್ದಕ್ಕಿಂತ ಭಿನ್ನವೋ ಎಂದು ನೋಡುವುದು ನನ್ನ ಪಿಎಚ್.ಡಿ. ಪ್ರಬಂಧದ ಕೊನೆಯ ಕೆಲಸ. ತಪ್ಪಿದರೆ ಇನ್ನೊಂದು ಆಟಿಯವರೆಗೆ ಕಾಯಬೇಕು.

ಅಕ್ಕ ಕೆತ್ತೆಯನ್ನು ಮೂಸಿ ನೋಡಿದರು. ಅವರ ಮನೆಗೆ ಪ್ರತಿವರ್ಷ ಅದನ್ನು ತರುತ್ತಿದ್ದವರು ಗಂಡ, ಮೀನಿನ ಬೋಟಿನಲ್ಲಿ ದುಡಿದವರು. ಹಿಂದಿನ ದೀಪಾವಳಿಗೆ ಮುಂಚೆ ತೀರಿಕೊಂಡಿದ್ದರು.

“ಈ ಸಲ ನಮ್ಮಲ್ಲಿ ತರುವ ಜನ ಇಲ್ಲ ಸರ್. ಒಂದು ಗುಟುಕಿಗೆ ಆಗುವಷ್ಟು ಕೊಡ್ತೀರಾ?”

ಕೊಟ್ಟೆ. ಒಂದು ಗುಟುಕಿಗೆಂದು ತೆಗೆದದ್ದು ತಂದದ್ದರಲ್ಲಿ ಅರ್ಧವೇ ಆಯಿತು, ನನಗೂ ಬೇಕೆನಿಸಿತು. ಅಕ್ಕನ ಚೀಲದಲ್ಲಿ ಬೆಳ್ಳುಳ್ಳಿ, ಓಮ, ಒಳ್ಳೆಮೆಣಸು, ಜೊತೆಗೆ ಒಂದು ಬಿಳಿಕಲ್ಲು. ಕೆತ್ತೆ ಸಿಕ್ಕರೂ ಸಿಗಬಹುದು ಎಂದು ಮನೆಯಿಂದಲೇ ತಂದಿದ್ದರು. ಆ ಕಲ್ಲನ್ನು ಕೆಂಪಗೆ ಕಾಯಿಸಿ ಕಷಾಯಕ್ಕೆ ಹಾಕಿದರೇ ಅದಕ್ಕೆ ಒಗ್ಗರಣೆ. ಒಲೆಗೆ ಎಲ್ಲಿ ಹೋಗೋಣ ಎಂದು ಕೇಳಿದೆ.

“ಎಂತ ಸರ್, ಅಷ್ಟು ದೊಡ್ಡ ಒಲೆ ಉಂಟಲ್ಲ ನಿಮ್ಮದು. ಹೊಟ್ಟೆಗೆ ಹೋಗುವಂಥದ್ದು ಅದು ಒಂದು ದಿನವಾದರೂ ಮಾಡಲಿ.”

ಫರ್ನೇಸಿನಿಂದ ಇಕ್ಕಳದಲ್ಲಿ ತೆಗೆದ ಕಲ್ಲು, ಕೆತ್ತೆ ಜಜ್ಜಿ ಹಿಂಡಿದ ರಸವಿದ್ದ ಅವರ ಬುತ್ತಿ ಪಾತ್ರೆಯೊಳಗೆ ಚೊಂಯ್ ಎಂದಿತು. ಹಿಂದಿನ ಮೆಟ್ಟಿಲಲ್ಲಿ ಕುಳಿತು ಇಬ್ಬರೂ ಕುಡಿದೆವು. ಕಹಿಗೆ ಕಿವುಚಿದ ನನ್ನ ಮುಖ ನೋಡಿ ಅಕ್ಕ ನಕ್ಕು, ಬೆಲ್ಲದ ಚೂರು ಕೊಟ್ಟರು. ಅಮ್ಮನ ನಂತರ ಹಾಗೆ ಕೊಟ್ಟವರಿರಲಿಲ್ಲ.

ಪುಡಿ ಒಂದು ಚಿಟಿಕೆ ಬಂತು, ಪರೀಕ್ಷೆಗೆ ಸಾಲಲಿಲ್ಲ. ಗೈಡ್ ಬೈಯಲಿಲ್ಲ, ಇನ್ನೊಂದು ಆಟಿ ಬರಲಿ ಎಂದರು.

ಬಂತು. ಅಷ್ಟರಲ್ಲಿ ಅಕ್ಕ ಕೆಲಸ ಬಿಟ್ಟು ಮಗಳ ಜೊತೆ ಮಲ್ಪೆಗೆ ಹೋಗಿದ್ದರು. ಕೆತ್ತೆ ಧಾರಾಳ ತಂದೆ, ಪುಡಿಯೂ ಧಾರಾಳ ಬಂತು. ಬೇರೆ ದಿನದ್ದಕ್ಕೂ ಅದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆ ಬೆಳಿಗ್ಗೆ ಮಿಕ್ಕ ಕೆತ್ತೆಯನ್ನು ಜಜ್ಜಿ, ಕಲ್ಲು ಕಾಯಿಸಿ ಹಾಕಿ, ಎರಡು ಲೋಟಕ್ಕೆ ಹೊಯ್ದೆ. ಒಂದನ್ನು ಮೆಟ್ಟಿಲಲ್ಲಿ ಕುಳಿತು ಕುಡಿದೆ. ಇನ್ನೊಂದನ್ನು ಸಂಜೆ ಪಾತ್ರೆ ತೊಳೆಯುವಾಗ ಚೆಲ್ಲಿದೆ.