ಅಡ್ಡ ಹಿಡಿದ ಕೈ

ನಮ್ಮ ಕಡೆಯ ಊಟದಲ್ಲಿ ಉಣ್ಣುವವರು "ಸಾಕು" ಎಂದರೆ ಅದಕ್ಕೆ ಬೆಲೆಯಿಲ್ಲ. ಒಮ್ಮೆ ಅಂದರೆ ನಾಚಿಕೆ. ಮತ್ತೆ ಅಂದರೆ ಸಂಕೋಚ. ಇನ್ನೂ ಅಂದರೆ ಬಡಿಸುವವರ ಮೇಲೆ ಏನೋ ಸಿಟ್ಟಿದೆ ಎಂದು ಅರ್ಥ. ಯಾವ ಅರ್ಥ ಹಚ್ಚಿದರೂ ಕೊನೆಗೆ ಎಲೆಯ ಮೇಲೆ ಇನ್ನೊಂದು ಹೋಳಿಗೆ ಬಿದ್ದೇ ಬೀಳುತ್ತದೆ. ಇದಕ್ಕೆ ಒತ್ತಾಯ ಎನ್ನುತ್ತಾರೆ, ಪ್ರೀತಿ ಎಂದೂ ಎನ್ನುತ್ತಾರೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಎಂಥೆಂಥವರನ್ನೋ ಎದುರಿಸಿದ್ದೇನೆ. ಎದುರಿನವರ ಮಾತನ್ನು ನಗುನಗುತ್ತ ಪೂರ್ತಿ ಕೇಳಿ, ಕೇಳಿಯೇ ಇಲ್ಲ ಎಂಬಂತೆ ನಡೆದುಕೊಳ್ಳುವುದರಲ್ಲಿ ಸೌಟು ಹಿಡಿದವರನ್ನು ಮೀರಿಸಿದವರನ್ನು ಮಾತ್ರ ಎಲ್ಲೂ ಕಾಣಲಿಲ್ಲ.

ನಾವಿರುವುದು ತೆಲುಗು ನಾಡಿನ ಮಹಾನಗರದ ಅಂಚಿನ ಕುಷಾಯಿಗೂಡದಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ. ತಾವು ದುಡಿಯುತ್ತಿದ್ದ ಕಾರ್ಖಾನೆಗೆ ನಡೆದೇ ಹೋಗಬಹುದು ಎಂದು ಅಪ್ಪ ಈ ಮನೆ ಕೊಂಡರು. ಆಗ ಅವ್ವ ನೀರಿನ ಕ್ಯಾನು ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಆಮೇಲೆ ಅವಳ ಬಲ ಮೊಣಕಾಲು ಸವೆಯಿತು. ಅದರ ಮೇಲೆ ಭಾರ ಬೀಳದಂತೆ ನಡೆದು ನಡೆದು ಎಡದ್ದೂ ಸವೆಯಿತು. ಕೆಳಗಿಳಿಯುವುದು ಆಸ್ಪತ್ರೆಗೆ ಮಾತ್ರ ಎಂಬಂತಾಯಿತು: ಅಪ್ಪ ಒಂದು ಮೆಟ್ಟಿಲು ಮುಂದೆ, ನಾನು ಒಂದು ಮೆಟ್ಟಿಲು ಹಿಂದೆ, ನಡುವೆ ಅವ್ವ, ಕಂಬಿ ಹಿಡಿದು ಪಕ್ಕಕ್ಕೆ ತಿರುಗಿ, ಏಡಿಯ ಹಾಗೆ. ತರಕಾರಿ ಗಾಡಿ ಬಂದರೆ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು, ಮೇಲಿನಿಂದಲೇ ತೆಲುಗಿನಲ್ಲಿ ಜಗಳ ತೆಗೆಯುತ್ತಿದ್ದಳು. ಬುಟ್ಟಿಯಲ್ಲಿ ಬಂದದ್ದು ಹುಳುಕಾಗಿದ್ದರೆ ಇಡೀ ದಿನ ಗೊಣಗುತ್ತಿದ್ದಳು. ಮೊಣಕಾಲಿನ ಆಪರೇಷನ್ ಆದರೆ ಮೊದಲು ಎಲ್ಲಿಗೆ ಹೋಗುತ್ತೀ ಎಂದು ಒಮ್ಮೆ ಕೇಳಿದೆ. ಯಾವುದೋ ದೇವರ ಹೆಸರು ಬರುತ್ತದೆ ಎಂದುಕೊಂಡಿದ್ದೆ.

"ಎಲ್ಲಿಗೂ ಇಲ್ಲ. ಕೆಳಗ ಗಾಡಿ ಮುಂದ ನಿಂತು, ಒಂದು ಬದನಿಕಾಯಿ ಕೈಯಾಗ ಹಿಡದು ತಿರುವಿ ತಿರುವಿ ನೋಡ್ತೀನಿ," ಅಂದಳು.

ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಅದಕ್ಕೆ ಅಡ್ಡವಾಗಿದ್ದದ್ದು ತೂಕ. "ಬರುವು ತಗ್ಗಾಲಮ್ಮಾ" ಎಂದು ಡಾಕ್ಟರು ತೆಲುಗಿನಲ್ಲಿ ಹೇಳಿದರು, ಭಾರ ಇಳಿಸಬೇಕಮ್ಮಾ ಎಂದು. ಇಷ್ಟಕ್ಕೆ ಇಳಿದ ಮೇಲೆಯೇ ಆಪರೇಷನ್ ಎಂದು ಚೀಟಿಯ ಮೇಲೆ ಬರೆದುಕೊಟ್ಟರು. ಮೊಣಕಾಲು ನೋಯುತ್ತದೆ, ಆದ್ದರಿಂದ ನಡೆಯಲಾಗುವುದಿಲ್ಲ. ನಡೆಯದಿದ್ದರೆ ತೂಕ ಇಳಿಯುವುದಿಲ್ಲ. ತೂಕ ಇಳಿಯದಿದ್ದರೆ ಮೊಣಕಾಲಿಗೆ ಆಪರೇಷನ್ ಇಲ್ಲ. ಈ ಸುತ್ತಿನಿಂದ ಹೊರಗೆ ಬರುವ ಬಾಗಿಲು ಎಲ್ಲಿದೆ ಸಾರ್ ಎಂದು ನಾನು ಕೇಳಿದೆ. "ತಿನ್ನೋದು ಕಮ್ಮಿ ಮಾಡಿಸಿ" ಎಂದು ಹೇಳಿ ಅವರು ಮುಂದಿನ ರೋಗಿಯನ್ನು ಕರೆಯಲು ಗಂಟೆ ಒತ್ತಿದರು. ಎರಡನೆಯ ಸಲ ಹೋದಾಗ ತೂಕ ಇಳಿದಿರಲಿಲ್ಲ. ಚೀಟಿ ನೋಡಿ ಹಾಗೇ ವಾಪಸು ಕಳಿಸಿದರು. ಅವ್ವ ಮೂರು ಮಹಡಿ ಮತ್ತೆ ಹತ್ತಿದಳು.

ನಾನೂ ತೂಕ ಇಳಿಸಬೇಕಿತ್ತು. ಯಾಕೆ ಎಂದು ಯಾರಿಗೂ ಹೇಳುವ ಹಂಗು ನನಗಿಲ್ಲ. ಮುಂಜಾನೆ ಜಿಮ್ಮಿಗೆ ಹೋಗಿ ಭಾರ ಎತ್ತುವುದು, ಮಾದಾಪುರದ ಆಫೀಸಿಗೆ ಮನೆಯಿಂದಲೇ ತೂಗಿದ ಡಬ್ಬಿ ಒಯ್ಯುವುದು ನನ್ನ ಪದ್ಧತಿ. ಅವ್ವನದು ಉಪವಾಸ: ಸೋಮವಾರ ಈಶ್ವರನಿಗೆ, ಗುರುವಾರ ರಾಯರಿಗೆ, ಶನಿವಾರ ಹನುಮಪ್ಪನಿಗೆ. ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಮೂಗು ಮುರಿಯುತ್ತಿದ್ದೆವು.

"ಸಾಬೂದಾಣಿ ಖಿಚಡಿ, ಶೇಂಗಾದ ಉಂಡಿ, ಕರದ ಆಲೂಗಡ್ಡಿ. ಇದಕ್ಕ ಉಪವಾಸ ಅಂತ ಹೆಸರಿಟ್ಟವರು ಯಾರವ್ವಾ?"

"ಅನ್ನ ತೂಗತೀಯಲ್ಲ, ಅದೇನು ಬಂಗಾರ ಐತೇನ? ಅಡಗಿಮನ್ಯಾಗ ಅಕ್ಕಸಾಲಿ ಅಂಗಡಿ ಇಟ್ಟಂಗ ಮಾಡೀದಿ."

"ತೂಗಿದ್ರ ಎಷ್ಟು ತಿಂದೆ ಅಂತ ಗೊತ್ತಾಗ್ತದ. ದೇವ್ರ ಮ್ಯಾಲೆ ಹಾಕಿದ್ರ ಏನು ಗೊತ್ತಾಗ್ತದ?"

"ಶಾಣ್ಯಾಕಿ, ಕೇಳಿಲ್ಲಿ. ದೇವ್ರ ಹೆಸರು ಹೇಳಿದ್ರ ಯಾರೂ ತಿನ್ನು ಅಂತ ಗಂಟು ಬೀಳೂದಿಲ್ಲ. ನಿನ್ನ ತಕ್ಕಡಿ ಹೆಸರು ಹೇಳಿನೋಡು, ನಗತಾರ."

ಉಪವಾಸದಿಂದ ಕೊಬ್ಬು ಕರಗುತ್ತದೆಯೋ ಇಲ್ಲವೋ ಎಂದು ನಾನು ವಾದಿಸುತ್ತಿದ್ದೆ. ಅವಳು ಹೇಳುತ್ತಿದ್ದದ್ದು ಬೇರೆಯೇ. ಮದುವೆಯಾಗಿ ಬಂದಾಗಿನಿಂದ ಅವಳು ಹೇಳಿದ "ಸಾಕು"ಗಳಲ್ಲಿ ಜನ ಒಪ್ಪಿದ್ದು ದೇವರ ಹೆಸರು ಹಚ್ಚಿದವನ್ನು ಮಾತ್ರ. ಹೊಟ್ಟೆ ಅವಳದು, ಬಾಯಿ ಅವಳದು, ಬೇಡ ಎನ್ನಲು ಮಾತ್ರ ಈಶ್ವರನ ಅಪ್ಪಣೆ ಬೇಕು! ಸಾಬೂದಾಣಿಯ ಮೇಲಿದ್ದ ನನ್ನ ಸಿಟ್ಟು ಅವತ್ತು ಸರಿಯಾದ ಜಾಗಕ್ಕೆ ಹೋಯಿತು.

ಹಾಗಾಗಿ ಒಂದು ಒಪ್ಪಂದ ಮಾಡಿಕೊಂಡೆವು. ಅವಳ ದೇವರ ಸುದ್ದಿಗೆ ನಾನು ಹೋಗುವುದಿಲ್ಲ, ನನ್ನ ತಕ್ಕಡಿಯ ಸುದ್ದಿಗೆ ಅವಳು ಬರುವುದಿಲ್ಲ. ಉಪವಾಸದ ದಿನ ಖಿಚಡಿಯ ಬದಲು ಮಜ್ಜಿಗೆ, ಹಣ್ಣು. ಮತ್ತು ಮುಖ್ಯವಾಗಿ, ಬೇರೆಯವರ ಮನೆಯಲ್ಲಿ ಊಟಕ್ಕೆ ಕೂತರೆ ಅವಳ ಎಲೆ ನಾನು ಕಾಯಬೇಕು, ನನ್ನ ಎಲೆ ಅವಳು ಕಾಯಬೇಕು. ತನಗೆ ತಾನೇ ಸಾಕು ಅಂದರೆ ನಡೆಯುವುದಿಲ್ಲ. ಇನ್ನೊಬ್ಬರು ಅಂದರಾದರೂ ನಡೆದೀತು ಎಂದು ನನ್ನ ಲೆಕ್ಕ.

ಮನೆಯಲ್ಲಂತೂ ನಡೆಯಿತು. ಅವ್ವ ನನಗಾಗಿ ಕಾಗದದಷ್ಟು ತೆಳ್ಳಗೆ ರೊಟ್ಟಿ ಬಡಿಯತೊಡಗಿದಳು. ಅಪ್ಪ ಮಿರ್ಚಿ ಭಜಿ ತಂದರೆ, "ಅಕೀ ಮುಂದ ಹಿಡೀಬ್ಯಾಡ್ರಿ, ಬಾಲ್ಕನ್ಯಾಗ ನಿಂತು ತಿಂದು ಬರ್ರಿ" ಎಂದು ಹೊರಗೆ ಅಟ್ಟುತ್ತಿದ್ದಳು. ಮುಂಜಾನೆ ನಾನು ಏಳದಿದ್ದರೆ ಹೊದಿಕೆ ಎಳೆದು ಜಿಮ್ಮಿಗೆ ಕಳಿಸುತ್ತಿದ್ದಳು. ಸಂಜೆ ಅವಳು ಮಂಚದ ಮೇಲೆ ಮಲಗಿ ಕಾಲು ಎತ್ತಿ ಇಳಿಸುವ ವ್ಯಾಯಾಮ ಮಾಡುವಾಗ ನಾನು ಪಕ್ಕದಲ್ಲಿ ಕೂತು ಆಫೀಸಿನ ಸುದ್ದಿ ಹೇಳಬೇಕಿತ್ತು. ಸುದ್ದಿ ನಿಂತರೆ ಕಾಲು ನಿಲ್ಲುತ್ತಿತ್ತು. "ಮುಂದೇನಾತು? ಆ ಮ್ಯಾನೇಜರ್ ರಾಜೀನಾಮೆ ಕೊಟ್ಟನೇನ?" ಅವಳ ಕಾಲಿಗಾಗಿ ನಾನು ನಮ್ಮ ಮ್ಯಾನೇಜರಿಂದ ಇಲ್ಲದ ರಾಜೀನಾಮೆಗಳನ್ನೆಲ್ಲ ಕೊಡಿಸಿದ್ದೇನೆ. ನಿಧಾನವಾಗಿ ಅವಳ ಕುಪ್ಪಸಗಳು ಸಡಿಲಾದವು. ಡಾಕ್ಟರಿಗೆ ಮತ್ತೆ ತೋರಿಸಲು ದಿನ ಗೊತ್ತಾಯಿತು.

ಅದಕ್ಕೆ ವಾರ ಮೊದಲು ಮಿಯಾಪುರದಲ್ಲಿ ವಾಸ್ತುಶಾಂತಿ ಬಂತು. ಅಪ್ಪನ ಅಕ್ಕ, ನನ್ನ ಅತ್ತೆ, ಅಲ್ಲಿ ಮಗನ ಜೊತೆ ಇದ್ದಾರೆ. ಆ ಮಗ ಹೊಸ ಫ್ಲ್ಯಾಟ್ ಕೊಂಡಿದ್ದ. ಹೋಗದಿದ್ದರೆ ಮುನಿಸು ಎಂದು ಅಪ್ಪ ಹಟ ಹಿಡಿದರು. ಅವ್ವನನ್ನು ಇಳಿಸಿ, ಕ್ಯಾಬಿನಲ್ಲಿ ಕೂರಿಸಿ, ಊರಿನ ಆ ತುದಿಗೆ ಒಯ್ದೆವು. ಅಲ್ಲಿ ಲಿಫ್ಟ್ ಇತ್ತು. "ಆಹಾ, ಗುಂಡಿ ಒತ್ತಿದ್ರ ಮ್ಯಾಲೆ!" ಎಂದು ಅವ್ವ ಚಿಕ್ಕ ಹುಡುಗಿಯ ಹಾಗೆ ಖುಷಿಪಟ್ಟಳು.

ಆ ಖುಷಿ ಬಾಗಿಲ ತನಕ ಇತ್ತು.

"ಬಾ ತಂಗಿ, ಬಾ," ಎಂದರು ಅತ್ತೆ. "ಅಯ್ಯ, ಇನ್ನೂ ಹಂಗ ಅದಿಯಲ್ಲ! ಆ ಮೈ ಹೊತ್ತು ಹೊತ್ತು ಪಾಪ ಮೊಣಕಾಲು ಸವೀಲಾರದ ಏನು ಮಾಡ್ಯಾವು?" ಆಮೇಲೆ ನನ್ನ ಕಡೆ ತಿರುಗಿ, "ನೀನೂ ಅವ್ವನ್ನ ಹಿಡದೀ. ನಿನ್ನ ನೋಡಾಕ ವರಾ ಬಂದ್ರ, ನಿನ್ನ ಹೊರಗ ತರಾಕ ಬಾಗಲಾ ಒಡಸಬೇಕಾಕ್ಕತಿ!"

ಹಿಂದೆ ನಿಂತಿದ್ದವರು ನಕ್ಕರು. ಅಪ್ಪ ಚಪ್ಪಲಿ ಬಿಡುತ್ತ, "ಹೋಗ್ಲಿ ಬಿಡು" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. ಅತ್ತೆಗೆ ಏನೂ ಹೇಳಲಿಲ್ಲ. ಯಾವತ್ತೂ ಏನೂ ಹೇಳುವುದಿಲ್ಲ.

ಅವ್ವ ನೆಲದ ಮೇಲೆ ಕೂರಲಾರಳು ಎಂದು ಗೋಡೆಗೆ ಹತ್ತಿ ಒಂದು ಮೇಜು ಹಾಕಿದ್ದರು. ನಾನೂ ಅವಳ ಪಕ್ಕ ಕುರ್ಚಿಯಲ್ಲಿ ಕೂತೆ. ಮೊದಲ ಹೋಳಿಗೆ ಇಬ್ಬರೂ ತಿಂದೆವು. ಹಬ್ಬದ ಊಟಕ್ಕೆ ಬಂದು ಒಂದನ್ನೂ ಮುಟ್ಟಬಾರದು ಎನ್ನುವಷ್ಟು ಮೂರ್ಖರಲ್ಲ ನಾವು. ಆಮೇಲೆ ಅತ್ತೆ ಬುಟ್ಟಿ ಹಿಡಿದು ಬಂದರು.

"ಸಾಕ್ರಿ, ಅಕ್ಕಾರ."

"ಸಾಕೇನು ಸಾಕು? ಮಗನ ಮನ್ಯಾಗ ಮೊದಲನೇ ಊಟ."

"ಖರೇನ ಸಾಕ್ರಿ. ಡಾಕ್ಟರು…"

"ಡಾಕ್ಟರ್‌ಗೆ ಏನು ಗೊತ್ತು? ಆಪರೇಷನ್ ಆದಮ್ಯಾಲೆ ಇಳಸೀಯಂತ, ಈಗ ಉಣ್ಣು."

ನಾನು ಅವ್ವನ ಎಲೆಯ ಮೇಲೆ ಕೈ ಅಡ್ಡ ಇಟ್ಟೆ. "ಅತ್ತಿ, ಈಗಷ್ಟ ಬಾಗಲದಾಗ ನೀವ ಅಂದ್ರಿ, ಮೈ ಹೊತ್ತು ಮೊಣಕಾಲು ಸವದಾವು ಅಂತ. ಈಗ ನೀವ ನೀಡಾಕತ್ತೀರಿ. ಎರಡ್ರಾಗ ಒಂದು ಮಾತು ಹಿಂದ ತೊಗೋರಿ. ಎರಡೂ ಒಂದ ಬಾಯಿಗೆ ಹೊಂದೂದಿಲ್ಲ."

ಪಂಕ್ತಿಯ ತುದಿಯಲ್ಲಿ ಕೂತ ಯಾರೋ, "ವಕೀಲರು ಬಂದಾರಪಾ!" ಎಂದರು, ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ನನ್ನನ್ನು ಬಿಟ್ಟು ಅವ್ವನನ್ನು ನೋಡಿ, "ಮಗಳಿಗೆ ಇದನ್ನ ಕಲಿಸೀದಿ?" ಎಂದರು.

ಅವ್ವ ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು. ಅತ್ತೆ ಹಾಕಿದ ಹೋಳಿಗೆ ತಿಂದಳು. ಇನ್ನೊಂದು ಹಾಕಿದರು, ಅದನ್ನೂ ತಿಂದಳು. "ಚಲೋ ಆಗ್ಯಾವ್ರಿ ಅಕ್ಕಾರ" ಎಂದಳು. ಹೋಳಿಗೆ ಒಂದು ಹೆಚ್ಚಾದರೆ ತೂಕ ಏರಿಬಿಡುವುದಿಲ್ಲ ಎಂದು ನನಗೆ ಗೊತ್ತು, ಯಾರೂ ಹೇಳಿಕೊಡಬೇಕಿಲ್ಲ. ನನ್ನ ಮಾತಿಗೆ ಅವಳ ಕೈಯಲ್ಲಿ ದಂಡ ಕಟ್ಟಿಸಿದರಲ್ಲ, ಅದೂ ಬಾಯಿಂದ, ಅದೂ ಹೊಗಳಿಸಿ, ಅದಕ್ಕೆ ನನ್ನ ಮೈ ಉರಿಯಿತು. ಇವತ್ತಿಗೂ ಉರಿಯುತ್ತದೆ.

ಗೆದ್ದ ಹುರುಪಿನಲ್ಲಿ ಅತ್ತೆ ಒಳಗೆ ಹೋಗಿ ಒಲೆಯ ಮೇಲಿನ ತುಪ್ಪದ ಪಾತ್ರೆಯನ್ನೇ ತಂದರು. "ಈ ಹುಡುಗಿ ನಾಲಿಗಿ ಭಾಳ ಒಣಗೇತಿ, ತುಪ್ಪ ಬೇಕು," ಎಂದು ನನ್ನ ಎಲೆಯ ಮೇಲೆ ಸೌಟು ಎತ್ತಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಎಲೆಗೆ ಅವ್ವನ ಕೈ ಅಡ್ಡ ಬಂತು.

"ಅಕೀಗ ಬ್ಯಾಡ್ರಿ, ಅಕ್ಕಾರ."

ಬೇಡ ಎಂದರೆ ಹಾಕು ಎಂದು ತಿಳಿದು ಅಭ್ಯಾಸವಾದ ಕೈ ಅತ್ತೆಯದು. ಸೌಟು ಬಗ್ಗಿತು. ಕಾದ ತುಪ್ಪ ಅವ್ವನ ಮುಂಗೈ ಮೇಲೆ ಬಿತ್ತು. ಅವಳು ಕೈ ತೆಗೆಯಲಿಲ್ಲ.

"ಬ್ಯಾಡ ಅಂದೆನಲ್ರಿ," ಎಂದಳು, ಅದೇ ದನಿಯಲ್ಲಿ.

ನಾನು ಅವಳನ್ನು ಎಬ್ಬಿಸಿ ನಲ್ಲಿಯ ಕೆಳಗೆ ಕೈ ಹಿಡಿಸುವಷ್ಟರಲ್ಲಿ ಚರ್ಮ ಕೆಂಪಾಗಿತ್ತು. ಹಿಂದೆ ಅತ್ತೆಯ ದನಿ: "ನಡುವ ಕೈ ತರಬೇಕೇನು? ನನ್ನ ಮ್ಯಾಲೆ ಬರತೈತಿ ಈಗ." ಇನ್ನೊಬ್ಬ ಹೆಂಗಸು, "ತುಪ್ಪ ಅಲ್ಲೇನ, ತಂಪು" ಎಂದು ಸಮಾಧಾನ ಹೇಳಿದಳು. ಕುದಿಯುವ ತುಪ್ಪ ತಂಪು! ಅಪ್ಪ ಏನು ಹೇಳಿದರು ಎಂದು ಬರೆಯುವ ಅಗತ್ಯವಿಲ್ಲ.

ಕ್ಯಾಬಿನಲ್ಲಿ ನಾನು ಅವ್ವನ ಮೇಲೇ ಹರಿಹಾಯ್ದೆ. ಅವರು ಹಾಕಿದ್ದನ್ನು ತಿಂದೆ ಯಾಕೆ, ಸುಟ್ಟರೂ ಕೈ ತೆಗೆಯಲಿಲ್ಲ ಯಾಕೆ?

"ನನ್ನ ಸಲುವಾಗಿ ಬ್ಯಾಡ ಅನ್ನಾಕ ನನಗ ಬರೂದಿಲ್ಲ," ಎಂದಳು ಒದ್ದೆ ಕರವಸ್ತ್ರ ಸುತ್ತಿದ ಕೈ ನೋಡುತ್ತ. "ನಿನ್ನ ಎಲಿ ಕಾಯೂದು ನನ್ನ ಪಾಳಿ ಇತ್ತಲ್ಲ, ಅದಕ್ಕ ಬಂತು."

ಬೊಬ್ಬೆ ಎದ್ದಿತು. ಪಾತ್ರೆ ತಿಕ್ಕುವಾಗ ಒಡೆಯಿತು. ನಾನು ಆಫೀಸಿನಲ್ಲಿದ್ದೆ, ಅಪ್ಪ ಮನೆಯಲ್ಲೇ ಇದ್ದರು. ಆಸ್ಪತ್ರೆಗೆ ಹೋಗುವ ದಿನದ ಹೊತ್ತಿಗೆ ಅದರಲ್ಲಿ ಕೀವು ಆಗಿತ್ತು. ಅಲ್ಲಿ ಅವ್ವ ತೂಕದ ಯಂತ್ರದ ಮೇಲೆ ನಿಂತಳು. ಮುಳ್ಳು ಚೀಟಿಯಲ್ಲಿ ಬರೆದ ಅಂಕಿಗಿಂತ ಒಂದು ಕೂದಲೆಳೆ ಕೆಳಗೇ ನಿಂತಿತು. ಡಾಕ್ಟರು ಮೊದಲ ಸಲ ನಕ್ಕರು. ತಾರೀಕು ಬರೆಯಲು ಪೆನ್ನು ತೆಗೆದವರು ಅವಳ ಕೈ ಕಂಡು ಪೆನ್ನು ಮುಚ್ಚಿದರು. ಮೈಯಲ್ಲಿ ಎಲ್ಲೇ ಕೀವು ಇದ್ದರೂ ಹೊಸ ಕೀಲು ಕೂರಿಸುವುದಿಲ್ಲವಂತೆ. ಗಾಯ ಪೂರ್ತಿ ಮಾಯಲಿ, ಆಮೇಲೆ ಬನ್ನಿ. ಈ ಸಲ ಅವರ ಮಾತಿನಲ್ಲಿ ನನಗೆ ತಪ್ಪು ಸಿಗಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮತ್ತೆ ಮೂರು ಮಹಡಿ. ಅವತ್ತು ಕಂಬಿ ಹಿಡಿಯಲು ಒಂದೇ ಕೈ.

ಎರಡು ದಿನ ಬಿಟ್ಟು ಅತ್ತೆ ಬಂದರು. ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತು, ಕೈಯಲ್ಲಿದ್ದ ಸ್ಟೀಲಿನ ಡಬ್ಬಿ ನನ್ನ ಮುಂದೆ ಚಾಚಿದರು. "ಅಂಟಿನ ಉಂಡಿ. ತುಪ್ಪಾ ಸುರದು ಮಾಡೀನಿ. ಗಾಯ ಮಾಯಬೇಕಂದ್ರ ಮೈಯಾಗ ಕಸುವು ಬೇಕು ನೋಡು."

ನಾನು ಬಾಗಿಲಿಗೆ ಅಡ್ಡ ನಿಂತೆ. ಹೇಳಬೇಕಾದ್ದೆಲ್ಲ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿತ್ತು, ಒಂದೊಂದೂ ಹರಿತವಾಗಿ. ಅಷ್ಟರಲ್ಲಿ ಒಳಗಿನಿಂದ, ಕಾಲು ಎತ್ತಿ ಇಳಿಸುತ್ತಿದ್ದ ಮಂಚದ ಮೇಲಿನಿಂದ, ಅವ್ವ ಕೂಗಿದಳು.

"ಅಕ್ಕಾರನ್ನ ಒಳಗ ಕರಿ. ಡಬ್ಬಿ ಅಲ್ಲೇ ಮೆಟ್ಟಲ ಮ್ಯಾಲಿರಲಿ, ಹೋಗೂಮುಂದ ತೊಗೊಂಡು ಹೋಗ್ತಾರ. ನನಗ ಬ್ಯಾಡ."

ಅವತ್ತು ಮಂಗಳವಾರ. ಯಾವ ದೇವರ ಉಪವಾಸವೂ ಇರಲಿಲ್ಲ.

ಅತ್ತೆ ನನ್ನ ಮುಖ ನೋಡಿದರು. ನಾನು ಡಬ್ಬಿ ಅವರ ಕೈಯಿಂದ ತೆಗೆದುಕೊಂಡು ಮೇಲಿನ ಮೆಟ್ಟಿಲ ಮೇಲೆ ಇಟ್ಟೆ, ಆಮೇಲೆ ಪಕ್ಕಕ್ಕೆ ಸರಿದು ಬಾಗಿಲು ಬಿಟ್ಟೆ.